ಪ್ರೀಪೇಯ್ಡ್ ಕಾರ್ಡ್ ನಿಮಗೆ ಒಪ್ಪುತ್ತದೆಯೇ? ಡೆಬಿಟ್ ಮತ್ತು ಕ್ರೆಡಿಟ್ ಕಾರ್ಡುಗಳೊಡನೆ ಒಂದು ಹೋಲಿಕೆ

ಪ್ರೀಪೇಯ್ಡ್, ಡೆಬಿಟ್, ಕ್ರೆಡಿಟ್ ಎಂಬ ಮೂರು ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೇಲುನೋಟಕ್ಕೆ ಹೆಚ್ಚಿನ ವ್ಯತ್ಯಾಸವೇನೂ ಕಾಣುವುದಿಲ್ಲ. ಅಳತೆ ಒಂದೇ, ಚಿಪ್ ಒಂದೇ, ಮೂಲೆಯಲ್ಲಿರುವ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಗುರುತೂ ಒಂದೇ. ವ್ಯತ್ಯಾಸವಿರುವುದು ಕಾರ್ಡಿನ ಬೆನ್ನಿಗಿರುವ ಹಣದಲ್ಲಿ. ಡೆಬಿಟ್ ಕಾರ್ಡನ್ನು ಉಜ್ಜಿದಾಗ ನಿಮ್ಮ ಬ್ಯಾಂಕ್ ಖಾತೆಯಲ್ಲಿರುವ ಹಣ ಆ ಕ್ಷಣವೇ ಕಡಿಮೆಯಾಗುತ್ತದೆ. ಕ್ರೆಡಿಟ್ ಕಾರ್ಡನ್ನು ಉಜ್ಜಿದಾಗ ಬ್ಯಾಂಕು ನಿಮ್ಮ ಪರವಾಗಿ ಹಣ ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿ ಮಾಡುತ್ತದೆ. ಪ್ರೀಪೇಯ್ಡ್ ಕಾರ್ಡಿನಲ್ಲಿ ಮಾತ್ರ ನೀವು ಮುಂಚಿತವಾಗಿ ತುಂಬಿಟ್ಟ ಮೊತ್ತವೊಂದೇ ಇರುತ್ತದೆ, ಅದು ಮುಗಿದಲ್ಲಿಗೆ ಕಾರ್ಡಿನ ಕೆಲಸವೂ ನಿಲ್ಲುತ್ತದೆ.

ಪ್ರೀಪೇಯ್ಡ್ ಕಾರ್ಡಿನ ಬಗ್ಗೆ ಬರುವ ಜಾಹೀರಾತುಗಳು ಅದನ್ನು ಬ್ಯಾಂಕ್ ಖಾತೆಗೆ ಬದಲಿ ಎಂಬಂತೆ ತೋರಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಆ ದೃಷ್ಟಿಯೇ ತಪ್ಪು. ಈ ಕಾರ್ಡಿಗೆ ಏನಾದರೂ ಮಹತ್ವವಿದ್ದರೆ ಅದು ಅದರ ಮಿತಿಯಿಂದ ಬಂದದ್ದು: ದೊಡ್ಡ ಹಣವನ್ನು ಬೇರೆಡೆ ಭದ್ರವಾಗಿಟ್ಟು, ಒಂದು ಉದ್ದೇಶಕ್ಕೆ ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆದಿಡುವ ಸೌಲಭ್ಯ ಅದು. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ “ಇದರಲ್ಲಿ ಏನೇನು ಸೌಲಭ್ಯಗಳಿವೆ” ಎಂಬುದಲ್ಲ. “ನನ್ನ ಯಾವ ಖರ್ಚಿಗೆ ಬೇಲಿ ಬೇಕಾಗಿದೆ” ಎಂಬುದು. ಅಂಥ ಖರ್ಚೇ ಇಲ್ಲದವರಿಗೆ, ಮತ್ತು ಒಳ್ಳೆಯ ಬ್ಯಾಂಕ್ ಖಾತೆಯೊಂದು ಈಗಾಗಲೇ ಇರುವವರಿಗೆ, ಈ ಕಾರ್ಡು ಇನ್ನೊಂದು ಪಿನ್ ನೆನಪಿಡುವ ಕೆಲಸವನ್ನಷ್ಟೇ ಕೊಡುತ್ತದೆ.

ಮಿತಿಯೇ ಬೇಕಾಗಿರುವ ಸಂದರ್ಭಗಳು

ಹೆಚ್ಚು ಪರಿಚಯವಿಲ್ಲದ ಜಾಲತಾಣಗಳಲ್ಲಿ ಕೊಳ್ಳುವವರಿಗೆ ಇದರ ಪ್ರಯೋಜನ ನೇರವಾಗಿ ಅರ್ಥವಾಗುತ್ತದೆ. ಅಲ್ಲಿ ಕಾರ್ಡಿನ ಸಂಖ್ಯೆ ಸೋರಿಹೋದರೆ ಕಳ್ಳನ ಕೈಗೆ ಸಿಗುವುದು ಕಾರ್ಡಿನಲ್ಲಿ ಉಳಿದಿರುವ ಮೊತ್ತವಷ್ಟೇ. ಸಂಬಳ ಜಮೆಯಾಗುವ, ಸಾಲದ ಕಂತು ಕಟ್ ಆಗುವ ಖಾತೆಯ ತನಕ ಅವನು ಹೋಗಲಾರ. ಡೆಬಿಟ್ ಕಾರ್ಡಿನ ವಂಚನೆಯಲ್ಲಿ ಹಣ ಕೊನೆಗೆ ವಾಪಸು ಬಂದರೂ, ತನಿಖೆ ಮುಗಿಯುವವರೆಗೆ ಖಾತೆ ಬರಿದಾಗಿರಬಹುದು, ಅಷ್ಟರಲ್ಲಿ ಕಟ್ಟಬೇಕಾದ ಕಂತುಗಳು ತಪ್ಪಬಹುದು. ಈ ಮಧ್ಯಂತರದ ತೊಂದರೆಯನ್ನು ಪ್ರೀಪೇಯ್ಡ್ ಕಾರ್ಡು ನಿಜವಾಗಿಯೂ ತಪ್ಪಿಸುತ್ತದೆ.

ಬೇರೊಬ್ಬರ ಕೈಗೆ ಖರ್ಚಿನ ಹಣ ಕೊಡುವ ಸಂದರ್ಭವೂ ಹೀಗೆಯೇ. ಓದಲು ಬೇರೆ ಊರಿಗೆ ಹೋದ ಮಗಳಿಗೆ, ವಯಸ್ಸಾದ ಹಿರಿಯರ ದಿನಬಳಕೆಯ ವಸ್ತುಗಳನ್ನು ತಂದುಕೊಡುವವರಿಗೆ, ಸಂಸ್ಥೆಯ ಕೆಲಸಕ್ಕೆ ಊರೂರು ಸುತ್ತುವ ನೌಕರರಿಗೆ ಕಾರ್ಡು ಕೊಟ್ಟರೆ ಖರ್ಚಿನ ಲೆಕ್ಕ ತಾನಾಗಿಯೇ ದಾಖಲಾಗುತ್ತದೆ, ಮೊತ್ತವೂ ನಿಮ್ಮ ಹಿಡಿತದಲ್ಲಿರುತ್ತದೆ. ನಗದು ಕೊಟ್ಟರೆ ಲೆಕ್ಕ ಸಿಗುವುದಿಲ್ಲ. ನಿಮ್ಮ ಡೆಬಿಟ್ ಕಾರ್ಡನ್ನೂ ಪಿನ್ನನ್ನೂ ಕೊಟ್ಟರೆ ಹಿಡಿತ ಉಳಿಯುವುದಿಲ್ಲ, ಮೇಲಾಗಿ ಪಿನ್ ಹಂಚಿಕೊಂಡ ಕಾರಣಕ್ಕೆ ಮುಂದೆ ವಂಚನೆಯಾದಾಗ ಬ್ಯಾಂಕು ಹೊಣೆಯನ್ನು ನಿಮ್ಮ ಮೇಲೆಯೇ ಹಾಕುತ್ತದೆ.

ಸಾಲದ ಹೊರೆಯಿಂದ ಈಚೆಗಷ್ಟೇ ಹೊರಬಂದವರು, ಕ್ರೆಡಿಟ್ ಕಾರ್ಡು ಕೈಯಲ್ಲಿದ್ದರೆ ಖರ್ಚು ಹತೋಟಿ ಮೀರುತ್ತದೆ ಎಂದು ತಮ್ಮ ಸ್ವಭಾವ ಅರಿತವರು ಕೂಡ ಇದನ್ನು ಪರಿಗಣಿಸಬಹುದು. ಆದರೆ ಇಲ್ಲೊಂದು ಮಾತು. ಮಿತಿ ಮೀರಿದಾಗ ವಹಿವಾಟನ್ನು ತಿರಸ್ಕರಿಸುವ ಸಾದಾ ಡೆಬಿಟ್ ಕಾರ್ಡು ಕೂಡ ಇದೇ ಕೆಲಸ ಮಾಡುತ್ತದೆ. ಇಂದು ಹಲವು ಬ್ಯಾಂಕುಗಳ ಆ್ಯಪ್‌ನಲ್ಲಿ ದಿನದ ಮಿತಿಯನ್ನು ನಾವೇ ಇಳಿಸಬಹುದು, ಆನ್‌ಲೈನ್ ಬಳಕೆಯನ್ನು ಬೇಕಾದಾಗ ಮಾತ್ರ ತೆರೆಯಬಹುದು. ಈಗಿರುವ ಕಾರ್ಡಿನಲ್ಲೇ ಅಂಥ ವ್ಯವಸ್ಥೆ ಇದ್ದರೆ ಹೊಸದಕ್ಕೆ ಹಣ ಕೊಡುವ ಅಗತ್ಯವಿಲ್ಲ.

ಶುಲ್ಕದ ಲೆಕ್ಕ

ನಿರ್ಧಾರ ನಿಜವಾಗಿ ನಿಲ್ಲುವುದು ಇಲ್ಲಿ. ಬ್ಯಾಂಕು ನಿಮ್ಮ ಠೇವಣಿಯನ್ನು ಸಾಲ ಕೊಟ್ಟು ಬಡ್ಡಿ ಗಳಿಸುತ್ತದೆ. ಪ್ರೀಪೇಯ್ಡ್ ಕಾರ್ಡಿನ ಕಂಪನಿಗೆ ಆ ದಾರಿ ಅಷ್ಟಾಗಿ ಇಲ್ಲ. ಅದರ ಆದಾಯ ಬರುವುದು ಅಂಗಡಿಯವರಿಂದ ಸಿಗುವ ಸಣ್ಣ ಪಾಲಿನಿಂದ ಮತ್ತು ನಿಮ್ಮಿಂದ ಪಡೆಯುವ ಶುಲ್ಕಗಳಿಂದ. ಆದ್ದರಿಂದ ಶುಲ್ಕಗಳ ಹೆಸರು ಹಲವು: ಕಾರ್ಡು ಕೊಡುವಾಗ ಒಂದು, ತಿಂಗಳಿಗೊಂದು, ಹಣ ತುಂಬಿಸುವಾಗ ಒಂದು, ಎಟಿಎಂನಲ್ಲಿ ತೆಗೆಯುವಾಗ ಒಂದು, ಕೆಲವೆಡೆ ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿದ್ದಕ್ಕೂ ಒಂದು, ವಿದೇಶಿ ನಾಣ್ಯದಲ್ಲಿ ಖರ್ಚು ಮಾಡಿದರೆ ಒಂದು, ಕಾರ್ಡು ಕಳೆದುಕೊಂಡು ಹೊಸದು ಕೇಳಿದರೆ ಒಂದು, ಬಳಸದೆ ಬಿಟ್ಟರೆ ಒಂದು, ಕೊನೆಗೆ ಮುಚ್ಚುವಾಗ ಮತ್ತೊಂದು. ಒಂದೇ ಕಾರ್ಡಿನಲ್ಲಿ ಇವೆಲ್ಲವೂ ಇರುವುದಿಲ್ಲ. ಆದರೆ ಒಂದನ್ನು ಮನ್ನಾ ಮಾಡಿದ ಕಂಪನಿ ಇನ್ನೊಂದರಲ್ಲಿ ಅದನ್ನು ಸರಿದೂಗಿಸಿಕೊಂಡಿರುವುದು ಸಾಮಾನ್ಯ. “ತಿಂಗಳ ಶುಲ್ಕ ಇಲ್ಲ” ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೆ, ಹಣ ತುಂಬಿಸುವ ಮತ್ತು ತೆಗೆಯುವ ಶುಲ್ಕಗಳ ಸಾಲನ್ನು ಮೊದಲು ಓದಬೇಕು.

ಲೆಕ್ಕ ಹಾಕುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ತೋರಿಸುತ್ತೇನೆ. ನಾಣ್ಯ ಯಾವುದಾದರೂ ಆಗಲಿ. ಕಾರ್ಡಿಗೆ ತಿಂಗಳ ಶುಲ್ಕ 20, ಪ್ರತಿ ಸಲ ಹಣ ತುಂಬಿಸಲು 10, ಎಟಿಎಂನಿಂದ ಪ್ರತಿ ಸಲ ತೆಗೆಯಲು 15 ಎಂದಿಟ್ಟುಕೊಳ್ಳಿ. ತಿಂಗಳಿಗೆ ಎರಡು ಸಲ ಸಾವಿರದಂತೆ 2,000 ತುಂಬಿಸಿ, ಎರಡು ಸಲ ನಗದು ತೆಗೆಯುವವರು ಒಟ್ಟು 70 ಕೊಡುತ್ತಾರೆ, ಅಂದರೆ ತಮ್ಮ ಹಣವನ್ನು ತಾವೇ ಬಳಸಲು ಶೇಕಡಾ 3.5. ಅದೇ 2,000ವನ್ನು ಒಂದೇ ಸಲಕ್ಕೆ ತುಂಬಿಸಿ, ನಗದು ತೆಗೆಯದೆ ಅಂಗಡಿಗಳಲ್ಲೇ ಖರ್ಚು ಮಾಡುವವರಿಗೆ ಬೀಳುವುದು 30, ಅಂದರೆ ಶೇಕಡಾ 1.5. ತಿಂಗಳಿಗೆ 200 ಮಾತ್ರ ಬೇಕಾಗಿ, ಅಷ್ಟನ್ನೇ ಒಂದು ಸಲ ತುಂಬಿಸುವವರೂ ಕೊಡುವುದು ಅದೇ 30. ಆದರೆ ಅವರ ಪಾಲಿಗೆ ಅದು ಶೇಕಡಾ 15! ನಿಗದಿತ ಶುಲ್ಕದ ಕಾರ್ಡು ಕಡಿಮೆ ಹಣದವರನ್ನೇ ಹೆಚ್ಚು ಹಿಂಡುತ್ತದೆ. ಈ ಕಾರ್ಡುಗಳನ್ನು ಕಡಿಮೆ ಹಣವಿರುವವರಿಗೇ ಹೆಚ್ಚಾಗಿ ಮಾರುತ್ತಾರೆ ಎಂಬುದು ನನಗೆ ಇಂದಿಗೂ ಸರಿಕಾಣದ ಸಂಗತಿ. ತುಂಬಿಸಿದ ಹಣದ ಮೇಲೆ ಶೇಕಡಾವಾರು ಶುಲ್ಕ ಪಡೆಯುವ ಕಾರ್ಡಿನಲ್ಲಿ ಪರಿಸ್ಥಿತಿ ತಿರುಗುಮುರುಗು: ಅಲ್ಲಿ ದೊಡ್ಡ ಮೊತ್ತ ತುಂಬಿಸುವವರು ಎಚ್ಚರವಾಗಿರಬೇಕು.

ಹೀಗಾಗಿ ಎರಡು ಕಾರ್ಡುಗಳ ಶುಲ್ಕಪಟ್ಟಿಯನ್ನು ಸಾಲಿಗೆ ಸಾಲು ಹೋಲಿಸಿ ಪ್ರಯೋಜನವಿಲ್ಲ. ನಿಮ್ಮ ಕಳೆದ ತಿಂಗಳ ಖರ್ಚನ್ನು ಎದುರಿಗಿಟ್ಟುಕೊಂಡು, ಅದೇ ಖರ್ಚು ಈ ಕಾರ್ಡಿನಲ್ಲಿ ನಡೆದಿದ್ದರೆ ಎಷ್ಟು ಶುಲ್ಕ ಬೀಳುತ್ತಿತ್ತು ಎಂದು ಕೂಡಿಸಿ ನೋಡಬೇಕು. ಬಳಸದ ಕಾರ್ಡಿನ ಶುಲ್ಕವನ್ನು ಮಾತ್ರ ಬೇರೆಯಾಗಿ ಗಮನಿಸಬೇಕು, ಏಕೆಂದರೆ ಅದು ನಮ್ಮ ಕಣ್ಣಿಗೆ ಬೀಳದೆ ನಡೆಯುವ ಕಡಿತ. ಕಾರ್ಡಿನಲ್ಲಿ 300 ಉಳಿದಿದ್ದು, ಬಳಕೆಯಿಲ್ಲದ ತಿಂಗಳಿಗೆ 20ರಂತೆ ಮುರಿದುಕೊಂಡರೆ, ಹದಿನೈದು ತಿಂಗಳಲ್ಲಿ ಅದು ಪೂರ್ತಿ ಕರಗುತ್ತದೆ.

ಶುಲ್ಕಗಳನ್ನು ಮುಚ್ಚಿಡುವ ಚಾಳಿಗೆ ಕೆಲವು ದೇಶಗಳು ಕಡಿವಾಣ ಹಾಕಿವೆ. ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯಾದ ಸಿಎಫ್‌ಪಿಬಿ ರೂಪಿಸಿದ ಪ್ರೀಪೇಯ್ಡ್ ನಿಯಮ 2019ರ ಏಪ್ರಿಲ್ 1ರಂದು ಜಾರಿಗೆ ಬಂತು. ತಿಂಗಳ ಶುಲ್ಕ, ಖರೀದಿಯ ಶುಲ್ಕ, ಎಟಿಎಂ ಶುಲ್ಕ, ನಗದು ತುಂಬಿಸುವ ಶುಲ್ಕ ಮೊದಲಾದವನ್ನು ಒಂದೇ ಮಾದರಿಯ ಚಿಕ್ಕ ಚೌಕದಲ್ಲಿ ಗ್ರಾಹಕರಿಗೆ ಮುಂಚಿತವಾಗಿಯೇ ತೋರಿಸಬೇಕೆಂದು ಅದು ವಿಧಿಸುತ್ತದೆ. ಅಂಥ ಚೌಕ ಇಲ್ಲದ ಕಡೆ ಅದನ್ನು ನಾವೇ ಒಂದು ಹಾಳೆಯಲ್ಲಿ ಬರೆದುಕೊಳ್ಳಬಹುದು.

ಹಣ ಯಾರ ಕೈಯಲ್ಲಿದೆ

ಕಾರ್ಡಿನ ಮೇಲೆ ಒಂದು ಹೆಸರು ದೊಡ್ಡದಾಗಿರುತ್ತದೆ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರಿರುತ್ತದೆ. ಮುಂದಿನದು ಕಾರ್ಡನ್ನು ಮಾರುವ ಕಂಪನಿ. ಹಿಂದಿನದು ಕಾನೂನಿನ ಪ್ರಕಾರ ಅದನ್ನು ಹೊರಡಿಸಿದ ಸಂಸ್ಥೆ. ಇವೆರಡರ ನಡುವೆ ವಹಿವಾಟುಗಳನ್ನು ನಡೆಸಿಕೊಡುವ ಮೂರನೆಯ ಕಂಪನಿಯೊಂದು ಇರುವುದೂ ಉಂಟು. ಅದರ ಹೆಸರು ಕಾರ್ಡಿನ ಮೇಲೆ ಎಲ್ಲಿಯೂ ಇರುವುದಿಲ್ಲ, ಆದರೆ ಅದು ಕೈಕೊಟ್ಟ ದಿನ ನಿಮ್ಮ ಕಾರ್ಡೂ ಕೈಕೊಡುತ್ತದೆ.

ಇದು ಬರಿಯ ಊಹೆಯಲ್ಲ. 2020ರ ಜೂನ್‌ನಲ್ಲಿ ಜರ್ಮನಿಯ ವೈರ್‌ಕಾರ್ಡ್ ಕಂಪನಿಯ ಲೆಕ್ಕಪತ್ರದಲ್ಲಿದ್ದ 190 ಕೋಟಿ ಯೂರೋ ಎಲ್ಲಿಯೂ ಇಲ್ಲವೆಂದು ಹೊರಬಿದ್ದು ಕಂಪನಿ ದಿವಾಳಿ ಅರ್ಜಿ ಹಾಕಿತು. ಅದರ ಬ್ರಿಟನ್ನಿನ ಅಂಗಸಂಸ್ಥೆ ಅಲ್ಲಿನ ಹಲವು ಪ್ರೀಪೇಯ್ಡ್ ಕಾರ್ಡುಗಳನ್ನು ಹೊರಡಿಸುತ್ತಿತ್ತು. ಗ್ರಾಹಕರ ಹಣ ಕಾಯುವ ಉದ್ದೇಶದಿಂದ ಬ್ರಿಟನ್ನಿನ ಹಣಕಾಸು ನಿಯಂತ್ರಕ ಎಫ್‌ಸಿಎ ಜೂನ್ 26ರಂದು ಆ ಸಂಸ್ಥೆಯ ಚಟುವಟಿಕೆಯನ್ನು ತಡೆಹಿಡಿದಾಗ, ವೈರ್‌ಕಾರ್ಡ್ ಎಂಬ ಹೆಸರನ್ನೇ ಕೇಳಿರದ ಜನರ ಕಾರ್ಡುಗಳು ಏಕಾಏಕಿ ನಿಷ್ಕ್ರಿಯವಾದವು. ಕೆಲವೇ ದಿನಗಳಲ್ಲಿ ನಿರ್ಬಂಧ ತೆರವಾಯಿತು ನಿಜ. ಆದರೆ ಸಂಬಳವೂ ಸರ್ಕಾರಿ ನೆರವೂ ಅದೇ ಕಾರ್ಡಿಗೆ ಬರುತ್ತಿದ್ದವರಿಗೆ ಆ ಕೆಲವು ದಿನಗಳು ಹಗುರವಾಗಿರಲಿಲ್ಲ. ಅದಕ್ಕೂ ಮೊದಲು, 2015ರ ಅಕ್ಟೋಬರ್‌ನಲ್ಲಿ, ಅಮೆರಿಕದ ರಶ್‌ಕಾರ್ಡ್ ತನ್ನ ವಹಿವಾಟು ವ್ಯವಸ್ಥೆಯನ್ನು ಬದಲಿಸುವಾಗ ಸಾವಿರಾರು ಗ್ರಾಹಕರಿಗೆ ತಮ್ಮ ಹಣವನ್ನೇ ಮುಟ್ಟಲಾಗಲಿಲ್ಲ. 2017ರಲ್ಲಿ ಸಿಎಫ್‌ಪಿಬಿ ಆ ಕಾರ್ಡಿನ ಕಂಪನಿ ಯೂನಿರಶ್ ಮತ್ತು ಅದಕ್ಕೆ ವಹಿವಾಟು ಸೇವೆ ನೀಡಿದ ಮಾಸ್ಟರ್‌ಕಾರ್ಡ್ ಒಟ್ಟು 130 ಲಕ್ಷ ಡಾಲರ್ ತೆರಬೇಕೆಂದು ಆದೇಶಿಸಿತು. ಅದರಲ್ಲಿ 100 ಲಕ್ಷ ಗ್ರಾಹಕರಿಗೆ ಪರಿಹಾರ, 30 ಲಕ್ಷ ದಂಡ.

ಎರಡೂ ಪ್ರಕರಣಗಳಿಂದ ನಾನು ತೆಗೆದುಕೊಳ್ಳುವ ತೀರ್ಮಾನ ಒಂದೇ: ನಾಳೆಯ ದಿನ ಇಲ್ಲದಿದ್ದರೆ ಬದುಕು ನಿಲ್ಲುವಂಥ ಹಣವನ್ನು ಪ್ರೀಪೇಯ್ಡ್ ಕಾರ್ಡಿನಲ್ಲಿ ಇಡಬಾರದು.

ಕಂಪನಿ ಮುಳುಗಿದರೆ ಹಣದ ಗತಿಯೇನು ಎಂಬುದಕ್ಕೆ ಉತ್ತರ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಕಾರ್ಡಿನ ಹಣ ವಿಮೆಯಿರುವ ಬ್ಯಾಂಕಿನಲ್ಲಿದ್ದು, ಕಾರ್ಡು ನಿಮ್ಮ ಹೆಸರಿನಲ್ಲಿ ನೋಂದಣಿಯಾಗಿ, ದಾಖಲೆಗಳು ಸರಿಯಾಗಿದ್ದರೆ ಠೇವಣಿ ವಿಮೆ ನಿಮ್ಮವರೆಗೂ ತಲುಪುತ್ತದೆ. ಆದರೆ ಆ ವಿಮೆ ಬ್ಯಾಂಕು ಮುಳುಗಿದಾಗಿನದು, ನಡುವಿನ ಕಂಪನಿ ಮುಳುಗಿದಾಗಿನದಲ್ಲ. ಬ್ರಿಟನ್ನಿನಲ್ಲಿ ಎಲೆಕ್ಟ್ರಾನಿಕ್ ಹಣದ ಸಂಸ್ಥೆಗಳು ಗ್ರಾಹಕರ ಹಣವನ್ನು ತಮ್ಮ ಹಣದಿಂದ ಪ್ರತ್ಯೇಕವಾಗಿ ಇಡಬೇಕು. ಅಂಥ ಸಂಸ್ಥೆಯೇ ಮುಳುಗಿದರೆ ಬ್ಯಾಂಕ್ ಠೇವಣಿಗೆ ಸಿಗುವಂಥ ಪರಿಹಾರ ಅದರ ಗ್ರಾಹಕರಿಗಿಲ್ಲ. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಬ್ಯಾಂಕೇತರ ಕಂಪನಿಗಳು ಗ್ರಾಹಕರ ಹಣವನ್ನು ವಾಣಿಜ್ಯ ಬ್ಯಾಂಕೊಂದರ ಎಸ್ಕ್ರೊ ಖಾತೆಯಲ್ಲಿ, ಅಂದರೆ ಗೊತ್ತುಪಡಿಸಿದ ಉದ್ದೇಶಕ್ಕೆ ಮಾತ್ರ ಬಳಸಬಹುದಾದ ಪ್ರತ್ಯೇಕ ಖಾತೆಯಲ್ಲಿ, ಇಡಬೇಕು, ಮತ್ತು ಕಾರ್ಡಿನಲ್ಲಿರುವ ಮೊತ್ತಕ್ಕೆ ಗ್ರಾಹಕರಿಗೆ ಬಡ್ಡಿ ಕೊಡುವಂತಿಲ್ಲ. ಬಡ್ಡಿಯಿಲ್ಲದ ಕಡೆ ಬೇಕಾದುದಕ್ಕಿಂತ ಹೆಚ್ಚು ಹಣ ಇಡಲು ಕಾರಣವೇ ಉಳಿಯುವುದಿಲ್ಲ.

ಗುರುತಿನ ದಾಖಲೆ ಕೊಡಬೇಕೆ, ಬೇಡವೆ

ಕೆವೈಸಿ ಎಂದರೆ ರಗಳೆ ಎಂದುಕೊಂಡು, ಕಡಿಮೆ ವಿವರ ಕೇಳುವ ಕಾರ್ಡನ್ನೇ ಆರಿಸಿಕೊಳ್ಳುವವರು ಬಹಳ. ಆದರೆ ಗುರುತು ದೃಢಪಡದ ಕಾರ್ಡಿಗೆ ಹಕ್ಕುಗಳೂ ಕಡಿಮೆ. ಭಾರತದ ಅದೇ 2021ರ ನಿರ್ದೇಶನದಲ್ಲಿ ಕನಿಷ್ಠ ವಿವರದ ಕಾರ್ಡಿನಲ್ಲಿ ಯಾವ ಹೊತ್ತಿಗೂ 10,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ. ಅದರಿಂದ ನಗದು ತೆಗೆಯುವುದಕ್ಕಾಗಲಿ, ಬೇರೆಯವರಿಗೆ ಹಣ ಕಳಿಸುವುದಕ್ಕಾಗಲಿ ಅವಕಾಶವಿಲ್ಲ. ಪೂರ್ಣ ಕೆವೈಸಿ ಆದ ಕಾರ್ಡಿನಲ್ಲಿ ಈ ಮಿತಿ 2 ಲಕ್ಷ ರೂಪಾಯಿ, ನಗದೂ ತೆಗೆಯಬಹುದು, ಹಣವನ್ನೂ ಕಳಿಸಬಹುದು. ಅಮೆರಿಕದಲ್ಲಿಯೂ, ವೇತನ ಮತ್ತು ಸರ್ಕಾರಿ ನೆರವಿನ ಕಾರ್ಡುಗಳನ್ನು ಬಿಟ್ಟರೆ, ಗ್ರಾಹಕರ ಗುರುತು ದೃಢಪಡದ ಕಾರ್ಡಿಗೆ ವಂಚನೆಯ ಹೊಣೆಮಿತಿಯನ್ನು, ಅಂದರೆ ನಷ್ಟದಲ್ಲಿ ಗ್ರಾಹಕರು ಹೊರಬೇಕಾದ ಪಾಲಿಗೆ ಒಂದು ಮಿತಿಯನ್ನು, ಕೊಡಲೇಬೇಕೆಂಬ ಕಡ್ಡಾಯ ಕಂಪನಿಗಿಲ್ಲ.

ಈ ಹೊಣೆಮಿತಿ ಏನೆಂಬುದನ್ನು ತಿಳಿದಿರಬೇಕು. ಕಾರ್ಡು ಕಳವಾದುದು ತಿಳಿದ ಎರಡು ಕೆಲಸದ ದಿನಗಳೊಳಗೆ ತಿಳಿಸಿದರೆ ಅಮೆರಿಕದ ಗ್ರಾಹಕರ ಹೊಣೆ 50 ಡಾಲರ್ ಮೀರುವುದಿಲ್ಲ. ತಡಮಾಡಿದರೆ 500 ಡಾಲರ್‌ವರೆಗೆ ಏರಬಹುದು. ಭಾರತದಲ್ಲಿ ಬ್ಯಾಂಕೇತರ ಕಂಪನಿಗಳ ಪ್ರೀಪೇಯ್ಡ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕ್ 2019ರಲ್ಲಿ ರೂಪಿಸಿದ ನಿಯಮದ ಪ್ರಕಾರ, ತಪ್ಪು ಗ್ರಾಹಕರದೂ ಅಲ್ಲ, ಕಂಪನಿಯದೂ ಅಲ್ಲ ಎಂಬ ವಂಚನೆಯನ್ನು ಮೂರು ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನಗಳೊಳಗಾದರೆ ವಹಿವಾಟಿನ ಮೊತ್ತ ಅಥವಾ 10,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದು. ಆಮೇಲಿನದು ಕಂಪನಿಯ ನೀತಿಗೆ ಬಿಟ್ಟದ್ದು. ಒಟಿಪಿಯನ್ನು ನೀವೇ ಹೇಳಿಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟವೆಲ್ಲ ನಿಮ್ಮದೇ. ಮೊಬೈಲಿಗೆ ಬರುವ ವಹಿವಾಟಿನ ಸಂದೇಶ ನಿಲ್ಲದಂತೆ ನೋಡಿಕೊಳ್ಳುವುದು ಇದಕ್ಕಾಗಿಯೇ. ತಿಂಗಳಿಗೊಮ್ಮೆ ಲೆಕ್ಕ ನೋಡುವ ಅಭ್ಯಾಸದವರು ಈ ಗಡುವುಗಳನ್ನು ತಪ್ಪಿಸಿಕೊಳ್ಳುವುದೇ ಹೆಚ್ಚು.

ಕ್ರೆಡಿಟ್ ಕಾರ್ಡು ಈ ವಿಷಯದಲ್ಲಿ ಎರಡಕ್ಕಿಂತಲೂ ಮೇಲು. ಅಲ್ಲಿ ವಿವಾದ ನಡೆಯುವುದು ಬ್ಯಾಂಕಿನ ಹಣದ ಬಗ್ಗೆ, ನಿಮ್ಮ ಹಣದ ಬಗ್ಗೆ ಅಲ್ಲ. ಬಿಲ್ಲನ್ನು ತಿಂಗಳು ತಿಂಗಳು ಪೂರ್ತಿ ಕಟ್ಟುವ ಶಿಸ್ತು ಇರುವವರು ದುಬಾರಿ ವಸ್ತುಗಳನ್ನು ಕೊಳ್ಳಲು ಕ್ರೆಡಿಟ್ ಕಾರ್ಡನ್ನೇ ಬಳಸಲಿ ಎನ್ನುತ್ತೇನೆ.

ಕಾರ್ಡು ಎಡವುವ ಕಡೆಗಳು

ಯಂತ್ರಕ್ಕೆ ನಿಮ್ಮ ಕಾರ್ಡಿನ ಜಾತಕ ಗೊತ್ತಿರುತ್ತದೆ. ಕಾರ್ಡಿನ ಮೊದಲ ಆರು ಅಥವಾ ಎಂಟು ಅಂಕಿಗಳು ಅದನ್ನು ಹೊರಡಿಸಿದ ಸಂಸ್ಥೆಯನ್ನು ಸೂಚಿಸುತ್ತವೆ, ಅದರ ಆಧಾರದ ಮೇಲೆ ಇದು ಪ್ರೀಪೇಯ್ಡ್ ಕಾರ್ಡು ಎಂದು ಮಾರಾಟಗಾರರ ವ್ಯವಸ್ಥೆ ಗುರುತಿಸಬಲ್ಲದು. ಬಾಡಿಗೆ ಕಾರಿನ ಕಂಪನಿಗಳು, ಪ್ರತಿ ತಿಂಗಳು ತಾನಾಗಿ ಹಣ ಮುರಿದುಕೊಳ್ಳುವ ಚಂದಾ ಸೇವೆಗಳು ಇಂಥ ಕಾರ್ಡನ್ನು ನಿರಾಕರಿಸುವುದು ಈ ಕಾರಣದಿಂದಲೇ. ಅವರಿಗೆ ಬೇಕಾದುದು ಇಂದಿನ ಹಣವಷ್ಟೇ ಅಲ್ಲ, ನಾಳೆ ಹಾನಿಯಾದರೆ ವಸೂಲಿ ಮಾಡುವ ಭರವಸೆ. ಬ್ಯಾಲೆನ್ಸ್ ಮುಗಿದರೆ ಸುಮ್ಮನಾಗುವ ಕಾರ್ಡು ಅದನ್ನು ಕೊಡಲಾರದು.

ಇದಕ್ಕಿಂತ ಹೆಚ್ಚು ಜನರಿಗೆ ತೊಂದರೆ ಕೊಡುವುದು ತಡೆಹಿಡಿದ ಮೊತ್ತ. ಹೋಟೆಲಿನಲ್ಲಿ ಕೋಣೆ ಪಡೆಯುವಾಗ ಕೌಂಟರಿನವರು ಕಾರ್ಡನ್ನು ಯಂತ್ರಕ್ಕೆ ಹಾಕಿ, ಬಾಡಿಗೆಯ ಮೇಲೆ ಇನ್ನಷ್ಟು ಸೇರಿಸಿ ಮುಂಗಡ ಅನುಮತಿ ಪಡೆಯುತ್ತಾರೆ. ಬಾಡಿಗೆ 3,000 ಆಗಿದ್ದು, ತಡೆಹಿಡಿದದ್ದು 5,000 ಆಗಿದ್ದರೆ, 6,000 ಇರುವ ಕಾರ್ಡಿನಲ್ಲಿ ಊಟಕ್ಕೂ ಪ್ರಯಾಣಕ್ಕೂ ನಿಮಗೆ ಬಳಸಲು ಸಿಗುವುದು 1,000 ಮಾತ್ರ. ಕೋಣೆ ಬಿಟ್ಟುಕೊಟ್ಟು ಬಿಲ್ಲು ಚುಕ್ತಾ ಮಾಡಿದ ಮೇಲೂ ಹೆಚ್ಚುವರಿ ಮೊತ್ತ ಬಿಡುಗಡೆಯಾಗಲು ಕೆಲವು ದಿನ ಹಿಡಿಯಬಹುದು. ಕೆಲವು ದೇಶಗಳಲ್ಲಿ ನಾವೇ ಇಂಧನ ತುಂಬಿಸಿಕೊಳ್ಳುವ ಪಂಪುಗಳು ಕೂಡ ಇದೇ ರೀತಿ ಮೊದಲೇ ಒಂದು ದೊಡ್ಡ ಮೊತ್ತವನ್ನು ತಡೆಹಿಡಿಯುತ್ತವೆ. ಅಂಥ ಕಡೆ ಒಳಗೆ ಹೋಗಿ ಕೌಂಟರಿನಲ್ಲಿ ಇಷ್ಟೇ ಮೊತ್ತಕ್ಕೆ ಎಂದು ಹೇಳಿ ಕೊಡುವುದು ಲೇಸು. ಕ್ರೆಡಿಟ್ ಕಾರ್ಡಿನಲ್ಲಿ ಹೀಗೆ ತಡೆಹಿಡಿದದ್ದು ಗಮನಕ್ಕೂ ಬರುವುದಿಲ್ಲ, ಏಕೆಂದರೆ ಅಲ್ಲಿ ಕಡಿಮೆಯಾಗುವುದು ಸಾಲದ ಮಿತಿ.

ಬಿಲ್ಲು ಬ್ಯಾಲೆನ್ಸಿಗಿಂತ ಸ್ವಲ್ಪ ಹೆಚ್ಚಿದ್ದರೂ ಕಾರ್ಡು ಪೂರ್ತಿ ತಿರಸ್ಕೃತವಾಗುತ್ತದೆ. ಇಂಥ ಹೊತ್ತಿನಲ್ಲಿ ಕೌಂಟರಿನವರಿಗೆ “ಕಾರ್ಡಿನಲ್ಲಿ ಇಷ್ಟು ತೆಗೆದುಕೊಳ್ಳಿ, ಉಳಿದದ್ದು ನಗದು ಕೊಡುತ್ತೇನೆ” ಎಂದು ಮೊದಲೇ ಹೇಳಬೇಕು, ಮತ್ತು ಕಾರ್ಡಿನಲ್ಲಿರುವ ನಿಖರ ಮೊತ್ತ ನಿಮಗೆ ತಿಳಿದಿರಬೇಕು. ಆನ್‌ಲೈನ್ ಮಳಿಗೆಗಳಲ್ಲಿ ಈ ಅವಕಾಶ ಸಾಮಾನ್ಯವಾಗಿ ಸಿಗುವುದಿಲ್ಲ. ಕಾರ್ಡಿನ ತಳದಲ್ಲಿ ಉಳಿದುಹೋಗುವ ಚಿಲ್ಲರೆ ಹಣದ ಮೂಲ ಇದೇ.

ಸಾಲದ ಚರಿತ್ರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರೀಪೇಯ್ಡ್ ಕಾರ್ಡಿನಲ್ಲಿ ಸಾಲವೇ ಇಲ್ಲವಾದ್ದರಿಂದ ಅದನ್ನು ಎಷ್ಟು ವರ್ಷ ಅಚ್ಚುಕಟ್ಟಾಗಿ ಬಳಸಿದರೂ ಕ್ರೆಡಿಟ್ ಸ್ಕೋರ್ ಬೆಳೆಯುವುದಿಲ್ಲ. ಅದೇ ಗುರಿಯಾಗಿದ್ದರೆ ಠೇವಣಿಯ ಭದ್ರತೆಯ ಮೇಲೆ ಕೊಡುವ ಕ್ರೆಡಿಟ್ ಕಾರ್ಡನ್ನು ಕೇಳಿ ಪಡೆಯಬೇಕು. ಅದರಲ್ಲಿಯೂ ನಿಮ್ಮ ಹಣ ಮೊದಲೇ ಕಟ್ಟಿಹಾಕಿದಂತೆ ಇರುತ್ತದೆ, ಆದರೆ ಮರುಪಾವತಿಯ ವಿವರ ಸಾಲದ ದಾಖಲೆಗೆ ಸೇರುತ್ತದೆ.

ವಿದೇಶ ಪ್ರಯಾಣಕ್ಕೆ

ಇಲ್ಲಿ ಪ್ರೀಪೇಯ್ಡ್ ಕಾರ್ಡಿನ ಪರವಾಗಿ ಒಳ್ಳೆಯ ವಾದವಿದೆ. ವಿದೇಶಿ ನಾಣ್ಯವನ್ನು ಹೊರಡುವ ಮುನ್ನವೇ ತುಂಬಿಸಿಕೊಂಡರೆ ವಿನಿಮಯ ದರ ಅಂದಿಗೇ ನಿಗದಿಯಾಗುತ್ತದೆ, ಪ್ರವಾಸದ ಖರ್ಚಿನ ಅಂದಾಜು ತಪ್ಪುವುದಿಲ್ಲ. ಕಾರ್ಡು ಕಳವಾದರೂ ಊರಿನ ಖಾತೆ ಸುರಕ್ಷಿತ. ಆದರೆ ದರ ನಿಗದಿಯಾಗುವುದೆಂದರೆ ಅಗ್ಗವಾಗುವುದೆಂದಲ್ಲ. ಕಂಪನಿ ಕೊಡುವ ದರಕ್ಕೂ ಅಂದಿನ ಮಾರುಕಟ್ಟೆ ದರಕ್ಕೂ ಇರುವ ಅಂತರವೇ ಅದರ ನಿಜವಾದ ಶುಲ್ಕ. ಅದು ಯಾವ ಶುಲ್ಕಪಟ್ಟಿಯಲ್ಲಿಯೂ ಇರುವುದಿಲ್ಲ. ಡಾಲರ್ ತುಂಬಿಸಿದ ಕಾರ್ಡನ್ನು ಯೂರೋ ನಡೆಯುವ ದೇಶದಲ್ಲಿ ಬಳಸಿದರೆ ಎರಡು ಸಲ ವಿನಿಮಯವಾಗುತ್ತದೆ, ಹಿಂದಿರುಗಿ ಬಂದು ಉಳಿದ ಹಣವನ್ನು ಮರಳಿ ಬದಲಿಸುವಾಗ ಇನ್ನೊಂದು ಸಲ. ಆದ್ದರಿಂದ ಅಂದಾಜಿಗಿಂತ ತುಸು ಕಡಿಮೆಯೇ ತುಂಬಿಸಿ, ಬೇಕಾದರೆ ಅಲ್ಲಿಂದಲೇ ಆ್ಯಪ್ ಮೂಲಕ ಸೇರಿಸಿಕೊಳ್ಳುವುದು ಜಾಣತನ.

ವಿದೇಶದ ಅಂಗಡಿಯ ಯಂತ್ರ “ನಿಮ್ಮ ದೇಶದ ನಾಣ್ಯದಲ್ಲಿ ಕೊಡುತ್ತೀರಾ” ಎಂದು ಕೇಳಿದರೆ ಬೇಡವೆಂದು ಒತ್ತಿ, ಆ ಊರಿನ ನಾಣ್ಯವನ್ನೇ ಆರಿಸಿಕೊಳ್ಳಿ. ಇಲ್ಲದಿದ್ದರೆ ಅಂಗಡಿಯ ಕಡೆಯವರ ದರ ಅನ್ವಯಿಸುತ್ತದೆ, ಮತ್ತು ನೀವು ಮೊದಲೇ ಕೊಂಡಿಟ್ಟ ವಿದೇಶಿ ನಾಣ್ಯ ಉಪಯೋಗಕ್ಕೆ ಬರುವುದಿಲ್ಲ.

ಯಾರಿಗೆ ಯಾವುದು

ಬ್ಯಾಂಕ್ ಖಾತೆ ತೆರೆಯಲು ಸಾಧ್ಯವಿರುವವರು ಮೊದಲು ಅದನ್ನೇ ತೆರೆಯಲಿ. ಕನಿಷ್ಠ ಬ್ಯಾಲೆನ್ಸಿನ ಷರತ್ತಿಲ್ಲದ ಸರಳ ಖಾತೆಯನ್ನು ಹಲವು ದೇಶಗಳಲ್ಲಿ ಬ್ಯಾಂಕುಗಳು ಕೊಡುತ್ತವೆ, ಅದರ ಡೆಬಿಟ್ ಕಾರ್ಡಿಗೆ ಹೋಲಿಸಿದರೆ ಶುಲ್ಕವಿರುವ ಪ್ರೀಪೇಯ್ಡ್ ಕಾರ್ಡು ಯಾವ ಲೆಕ್ಕದಲ್ಲಿಯೂ ಗೆಲ್ಲುವುದಿಲ್ಲ. ದಾಖಲೆಯ ಕೊರತೆಯಿಂದಲೋ ಹಳೆಯ ಬಾಕಿಯ ಕಾರಣದಿಂದಲೋ ಖಾತೆ ಸಿಗದವರಿಗೆ ಪ್ರೀಪೇಯ್ಡ್ ಕಾರ್ಡು ನಗದನ್ನು ಜೇಬಿನಲ್ಲಿಟ್ಟು ತಿರುಗುವುದಕ್ಕಿಂತ ಖಂಡಿತ ಮೇಲು, ಆದರೆ ಅದನ್ನು ತಾತ್ಕಾಲಿಕವೆಂದೇ ಇಟ್ಟುಕೊಳ್ಳಬೇಕು. ಸಂಬಳವನ್ನು ಕಾರ್ಡಿಗೆ ಹಾಕುತ್ತೇವೆ ಎಂದು ಕೆಲಸ ಕೊಟ್ಟವರು ಹೇಳಿದರೆ, ಬೇರೆ ದಾರಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಅಮೆರಿಕದ ಕಾನೂನಿನಲ್ಲಂತೂ ನಿರ್ದಿಷ್ಟ ಕಾರ್ಡಿನಲ್ಲಿಯೇ ಸಂಬಳ ಪಡೆಯಬೇಕೆಂದು ನೌಕರರನ್ನು ಒತ್ತಾಯಿಸುವಂತಿಲ್ಲ.

ಖಾತೆಯೂ ಇದೆ, ಆನ್‌ಲೈನ್ ಖರೀದಿಯೂ ಹೆಚ್ಚು ಎನ್ನುವವರು ಸದಾ ತುಂಬಿರುವ ಪ್ರೀಪೇಯ್ಡ್ ಕಾರ್ಡಿಗಿಂತ, ಖರೀದಿಯ ಮುನ್ನ ಬೇಕಾದಷ್ಟನ್ನು ಮಾತ್ರ ತುಂಬಿಸುವ, ತಿಂಗಳ ಶುಲ್ಕವಿಲ್ಲದ ಕಾರ್ಡನ್ನು ಹುಡುಕಲಿ. ಮನೆಯ ಕಿರಿಯರಿಗೆ ಕೊಡುವುದಾದರೆ ಶುಲ್ಕಕ್ಕಿಂತ ಆ್ಯಪ್‌ನ ಗುಣ ಮುಖ್ಯ: ಒಂದೇ ಒತ್ತಿಗೆ ಕಾರ್ಡನ್ನು ತಡೆಹಿಡಿಯಲು, ಕೆಲವು ಬಗೆಯ ಅಂಗಡಿಗಳನ್ನು ಮುಚ್ಚಲು, ವಹಿವಾಟನ್ನು ಆ ಕ್ಷಣವೇ ನೋಡಲು ಆಗಬೇಕು. ಬಿಲ್ಲನ್ನು ತಪ್ಪದೆ ಕಟ್ಟುವ, ಹೆಚ್ಚು ಪ್ರಯಾಣ ಮಾಡುವವರಿಗೆ ಕ್ರೆಡಿಟ್ ಕಾರ್ಡು ಮತ್ತು ಡೆಬಿಟ್ ಕಾರ್ಡು ಎರಡೇ ಸಾಕು.

ಉಡುಗೊರೆ ಕಾರ್ಡು ಪ್ರೀಪೇಯ್ಡ್ ಕಾರ್ಡಿನ ಹತ್ತಿರದ ನೆಂಟ, ಆದರೆ ನಿಯಮ ಬೇರೆ. ಭಾರತದಲ್ಲಿ ಅದರ ಮಿತಿ 10,000 ರೂಪಾಯಿ, ಮತ್ತೆ ತುಂಬಿಸುವಂತಿಲ್ಲ, ನಗದಾಗಿ ತೆಗೆಯುವಂತಿಲ್ಲ. ಅಮೆರಿಕದ 2009ರ ಕಾನೂನಿನಂತೆ ಅದರಲ್ಲಿರುವ ಹಣಕ್ಕೆ ಕನಿಷ್ಠ ಐದು ವರ್ಷದ ವಾಯಿದೆ ಇರಬೇಕು, ಹನ್ನೆರಡು ತಿಂಗಳು ಬಳಸದೆ ಇದ್ದ ಮೇಲಷ್ಟೇ ನಿಷ್ಕ್ರಿಯತೆಯ ಶುಲ್ಕ ಹಾಕಬಹುದು. ಯಾವ ದೇಶದಲ್ಲಾದರೂ ಸರಿ, ಬಾಕಿ ತೆರಿಗೆ, ದಂಡ, ಬಹುಮಾನದ ಶುಲ್ಕ ಎಂದು ಫೋನಿನಲ್ಲಿ ಹೆದರಿಸಿ, ಉಡುಗೊರೆ ಕಾರ್ಡು ಕೊಂಡು ಅದರ ಸಂಖ್ಯೆ ಓದಿ ಹೇಳಿ ಎನ್ನುವವರು ಮೋಸಗಾರರೇ; ಸರ್ಕಾರಿ ಕಚೇರಿಗಳು ಹೀಗೆ ಹಣ ಪಡೆಯುವುದಿಲ್ಲ. ಅಂಗಡಿಯ ಕಪಾಟಿನಿಂದ ಕಾರ್ಡು ಆರಿಸುವಾಗ ಲಕೋಟೆಯ ಅಂಚನ್ನೂ, ಪಿನ್ ಮುಚ್ಚಿದ ಕೆರೆದು ತೆಗೆಯುವ ಪಟ್ಟಿಯನ್ನೂ ಬೆರಳಿನಿಂದ ಮುಟ್ಟಿ ನೋಡಿ. ಅದು ಎದ್ದಿದ್ದರೆ, ಮತ್ತೆ ಅಂಟಿಸಿದಂತಿದ್ದರೆ, ಸಂಖ್ಯೆ ಈಗಾಗಲೇ ಬೇರೊಬ್ಬರ ಬಳಿ ಇರಬಹುದು. ನೀವು ಹಣ ತುಂಬಿಸುವುದನ್ನೇ ಅವರು ಕಾಯುತ್ತಿರುತ್ತಾರೆ.

ಕಾರ್ಡು ಬೇಡವೆನಿಸಿದಾಗ ಅದನ್ನು ಕತ್ತರಿಸಿ ಎಸೆಯುವ ಆತುರ ಬೇಡ. ಹಿಂದಿರುಗಿಸಿದ ವಸ್ತುವಿನ ಹಣ, ರದ್ದಾದ ಟಿಕೆಟ್ಟಿನ ಹಣ ಸಾಮಾನ್ಯವಾಗಿ ಪಾವತಿ ಮಾಡಿದ ಕಾರ್ಡಿಗೇ ಮರಳಿ ಬರುತ್ತದೆ. ಆ ಕಾರ್ಡು ಇಲ್ಲವಾದರೆ ಅದನ್ನು ಪಡೆಯಲು ಕಂಪನಿಗೂ ಅಂಗಡಿಗೂ ನಡುವೆ ಅಲೆದಾಡಬೇಕಾಗುತ್ತದೆ. ತಾನಾಗಿ ಹಣ ಮುರಿಯುವ ಚಂದಾಗಳನ್ನು ಮೊದಲು ನಿಲ್ಲಿಸಿ, ಬಾಕಿ ಮರುಪಾವತಿಗಳೆಲ್ಲ ಬಂದವೆಂದು ಖಚಿತವಾದ ಮೇಲೆ, ಉಳಿದ ಹಣವನ್ನು ಬ್ಯಾಂಕ್ ಖಾತೆಗೆ ವರ್ಗಾಯಿಸಲು ಲಿಖಿತವಾಗಿ ಕೇಳಿ. ವಾಯಿದೆ ಮುಗಿದಿದ್ದರೂ ಹಣ ಹೋಯಿತೆಂದು ಕೈಬಿಡಬೇಕಾಗಿಲ್ಲ: ಭಾರತದ 2021ರ ನಿರ್ದೇಶನದಂತೆ ಕಂಪನಿ ವಾಯಿದೆಗೆ 45 ದಿನ ಮುಂಚಿನಿಂದಲೇ ಗ್ರಾಹಕರನ್ನು ಎಚ್ಚರಿಸಬೇಕು, ಮತ್ತು ಬ್ಯಾಂಕೇತರ ಕಂಪನಿ ಉಳಿದ ಮೊತ್ತವನ್ನು ವಾಯಿದೆ ಮುಗಿದು ಮೂರು ವರ್ಷದವರೆಗೆ ತನ್ನ ಲಾಭದ ಖಾತೆಗೆ ಸೇರಿಸಿಕೊಳ್ಳುವಂತಿಲ್ಲ, ಗ್ರಾಹಕರು ಮರುಪಾವತಿ ಕೇಳಿದರೆ ಅದನ್ನು ಅವರ ಬ್ಯಾಂಕ್ ಖಾತೆಗೆ ಕೊಡಬೇಕು. ಈ ಅರ್ಜಿಗೆ ಕಾರ್ಡಿನ ಸಂಖ್ಯೆಯೂ, ಕೊಳ್ಳುವಾಗ ಕೊಟ್ಟಿದ್ದ ಮೊಬೈಲ್ ಸಂಖ್ಯೆಯೂ ಬೇಕಾಗುವುದರಿಂದ, ಆ ಮೊಬೈಲ್ ಸಂಖ್ಯೆಯನ್ನು ಬದಲಿಸುವ ಯೋಚನೆ ಇದ್ದರೆ ಕಾರ್ಡಿನ ಲೆಕ್ಕವನ್ನು ಅದಕ್ಕೆ ಮೊದಲೇ ಮುಗಿಸಿಕೊಳ್ಳಿ.